ಶಾಲೆ ಮುಗಿದ ಮೇಲೆ ಮುಂದೇನು, ಮಿಸ್?

21 ವರ್ಷದಿಂದ ಅಂಗವಿಕಲ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕಿಯಾಗಿದ್ದೇನೆ. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ದೊಡ್ಡ ಮಕ್ಕಳ ಜತೆ, ಅಂದರೆ ಮೀಸೆ ಚಿಗುರುತ್ತಿರುವ, ದನಿ ಒಡೆಯುತ್ತಿರುವ ವಯಸ್ಸಿನವರ ಜತೆ. ಹಾಗಾಗಿ ನನ್ನ ಕೆಲಸ ಏನೆಂದು ಗೊತ್ತಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಶಾಲೆ ಮುಗಿದ ಮೇಲೆ ಇವರ ಗತಿ ಏನು? ಹೆತ್ತವರು ಕೇಳುತ್ತಾರೆ, ಅವರ ನೆಂಟರು ಕೇಳುತ್ತಾರೆ, ರೈಲಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಸ್ವಲ್ಪ ನಯವಾಗಿ ಮಾತಾಡುವವರು ‘ಗತಿ’ ಬದಲು ‘ಮುಂದೇನು’ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಹೀಗೆ ಕೇಳುವಾಗ ಆ ಹುಡುಗನೋ ಹುಡುಗಿಯೋ ಬಹುಪಾಲು ಅಲ್ಲೇ ಪಕ್ಕದಲ್ಲಿ ನಿಂತಿರುತ್ತಾರೆ.

ಒಂದು ಸಲ ಹೀಗೇ ಒಬ್ಬ ಅಪ್ಪ ಕೇಳಿದರು. ಮಗನಿಗೆ 17, ಡೌನ್ ಸಿಂಡ್ರೋಮ್, ಮಾತು ಕಮ್ಮಿ. “ಅವನನ್ನೇ ಕೇಳೋಣ ಸರ್” ಎಂದೆ. ನಾನು ಜಾರಿಕೊಳ್ಳುತ್ತಿದ್ದೇನೆ ಎಂದು ಅವರಿಗೆ ಅನ್ನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಆದರೂ ಕೇಳಿದೆ: “ಶಾಲೆ ಮುಗಿದ ಮೇಲೆ ನಿನಗೇನು ಬೇಕೋ?” ಅವನು ಬಹಳ ಹೊತ್ತು ನನ್ನ ಮೇಜನ್ನೇ ನೋಡುತ್ತಿದ್ದು, ಆಮೇಲೆ “ಬೀಗದ ಕೈ” ಅಂದ. ಅಪ್ಪ ಬೇಸರದ ನಗು ನಕ್ಕು, “ನೋಡಿದ್ರಾ ಮೇಡಂ, ಕೇಳಿ ಏನು ಬಂತು?” ಅಂದರು. ಸತ್ಯ ಹೇಳಬೇಕೆಂದರೆ, ಆ ಹೊತ್ತಿಗೆ ನನಗೂ ಅರ್ಥವಾಗಿರಲಿಲ್ಲ. ಆ ಬೀಗದ ಕೈಗೆ ಆಮೇಲೆ ಬರುತ್ತೇನೆ.

ಮೊದಲು ಆ ಪ್ರಶ್ನೆಯ ಹಿಂದಿರುವ ಹೆದರಿಕೆಯ ಮಾತು. ಅದು ಸುಳ್ಳು ಹೆದರಿಕೆಯಲ್ಲ. ಶಾಲೆ ಇದ್ದಷ್ಟು ದಿನ ಬೆಳಗ್ಗೆ ಒಂದು ವ್ಯಾನು ಬರುತ್ತದೆ, ಗಂಟೆ ಹೊಡೆಯುತ್ತದೆ, ಗೆಳೆಯರಿರುತ್ತಾರೆ, ವಾರಕ್ಕೆರಡು ಸಲ ಥೆರಪಿ ಇರುತ್ತದೆ, ಏನಾದರೂ ಆದರೆ ಫೋನು ಮಾಡಲು ಒಬ್ಬ ಟೀಚರ್ ಇರುತ್ತಾರೆ. ಇವೆಲ್ಲ ಒಂದೊಂದಾಗಿ ನಿಲ್ಲುವುದಿಲ್ಲ, ಒಂದೇ ದಿನ ನಿಲ್ಲುತ್ತವೆ. ಅದೇ ವರ್ಷ ಮಕ್ಕಳ ಡಾಕ್ಟರು “ಇನ್ನು ಮೇಲೆ ದೊಡ್ಡವರ ವಿಭಾಗಕ್ಕೆ ಹೋಗಿ” ಅನ್ನುತ್ತಾರೆ. ಹುಟ್ಟಿದಾಗಿನಿಂದ ನೋಡಿದ ಡಾಕ್ಟರು ಹೋಗಿ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟವಾಗುವ, ಬದುಕಿಡೀ ಇರುವ ಸ್ಥಿತಿ) ಅಂದರೆ ಅದು ಮಕ್ಕಳ ಕಾಯಿಲೆ ಅಂದುಕೊಂಡಿರುವ ಡಾಕ್ಟರು ಸಿಗುತ್ತಾರೆ. ಮೊದಲ ಸೋಮವಾರ ಹುಡುಗ ಎಂದಿನಂತೆ ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ. ವ್ಯಾನು ಬರುವುದಿಲ್ಲ. ಎರಡು ತಿಂಗಳು ಹಾಗೇ ನಿಂತವರ ಕಥೆಯನ್ನು ತಾಯಂದಿರ ಬಾಯಲ್ಲೇ ಕೇಳಿದ್ದೇನೆ.

ಈ ದಿನ ಯಾವ ವಯಸ್ಸಿಗೆ ಬರುತ್ತದೆ ಅನ್ನುವುದು ಮಗುವಿನ ಬೆಳವಣಿಗೆಯನ್ನು ನೋಡಿ ತೀರ್ಮಾನವಾಗುವುದಿಲ್ಲ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಉಚಿತ ಶಿಕ್ಷಣದ ಹಕ್ಕು 6ರಿಂದ 18 ವರ್ಷದವರೆಗೆ. ಅಮೆರಿಕದ ಕಾನೂನು 21 ವರ್ಷದವರನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ 2014ರ ಕಾಯ್ದೆ ಬಂದ ಮೇಲೆ, ಅಗತ್ಯ ಇರುವವರಿಗೆ ಶಿಕ್ಷಣ ಮತ್ತು ಆರೈಕೆಯ ಯೋಜನೆ 25ರವರೆಗೆ ನಡೆಯಬಹುದು. ಅದೇ ಹುಡುಗಿ, ಅದೇ ಕೈಕಾಲು, ಅದೇ ಮನಸ್ಸು. ಒಂದು ಕಡೆ 18ಕ್ಕೆ ಹೊರಗೆ, ಇನ್ನೊಂದು ಕಡೆ 25ಕ್ಕೆ. ಆದರೆ ಹೊರಗೆ ಬಿದ್ದ ಮೇಲಿನ ಕಥೆ ಎಲ್ಲ ಕಡೆಯೂ ಒಂದೇ. ಶಾಲೆಯೊಳಗೆ ಇದ್ದದ್ದು ಹಕ್ಕು, ಬಾಗಿಲು ತಟ್ಟಿದರೆ ಸೇರಿಸಿಕೊಳ್ಳಲೇಬೇಕು. ಹೊರಗೆ ಸಿಗುವುದೆಲ್ಲ ಅರ್ಜಿ ಹಾಕಿದರೆ, ಅರ್ಹತೆ ಸಾಬೀತಾದರೆ, ಜಾಗ ಖಾಲಿ ಇದ್ದರೆ.

ಹಾಗಾದರೆ ಉತ್ತರ? ಮೊದಲ ಹತ್ತು ವರ್ಷ ನಾನು ಕೊಡುತ್ತಿದ್ದ ಉತ್ತರ ಬೇರೆ ಇತ್ತು: “ಇನ್ನೂ ತಯಾರಾಗಿಲ್ಲ, ತಯಾರು ಮಾಡುತ್ತಿದ್ದೇವೆ.” ಕೇಳಿದವರಿಗೆ ಸಮಾಧಾನ, ಹೇಳಿದವಳಿಗೂ ಸಮಾಧಾನ. ಇವತ್ತು ಯಾರಾದರೂ ನನ್ನೆದುರು ಆ ಮಾತು ಆಡಿದರೆ ಮೈ ಉರಿಯುತ್ತದೆ. ಕಾರಣ ಹೇಳುತ್ತೇನೆ.

ನನ್ನ ತರಗತಿಯಲ್ಲಿ ಆಟಿಸಂ ಇದ್ದ ಒಬ್ಬ ಹುಡುಗನಿದ್ದ. ನಟ್ಟು, ಬೋಲ್ಟು, ವಾಷರ್‌ಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕುವ ಕೆಲಸ ಕೊಟ್ಟಿದ್ದೆ. ‘ಉದ್ಯೋಗ ಪೂರ್ವ ಕೌಶಲ’ ಎಂದು ವರದಿಯಲ್ಲಿ ಬರೆಯುತ್ತಿದ್ದೆ. ಒಂದು ತಿಂಗಳಲ್ಲಿ ಕಲಿತ. ಬೇರೆ ಕೆಲಸ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಹಾಗಾಗಿ ಸಂಜೆ ಮಕ್ಕಳು ಹೋದ ಮೇಲೆ ಮೂರೂ ಡಬ್ಬಿಯನ್ನು ಒಂದೇ ಟ್ರೇಗೆ ಸುರಿದು, ಕೈಯಾಡಿಸಿ ಬೆರೆಸಿ ಇಡುತ್ತಿದ್ದೆ. ಮರುದಿನ ಅವನು ಮತ್ತೆ ಬೇರೆ ಮಾಡುತ್ತಿದ್ದ. ಇದು ಎಷ್ಟು ದಿನ ನಡೆಯಿತೆಂದು ಹೇಳಿದರೆ ನಂಬುತ್ತೀರೋ ಇಲ್ಲವೋ, ಸುಮಾರು ಮೂರು ವರ್ಷ. ಒಂದು ಸಂಜೆ ಅವನ ವ್ಯಾನು ತಡವಾಗಿ, ಅವನು ಬಾಗಿಲಲ್ಲಿ ನಿಂತು ನಾನು ಬೆರೆಸುವುದನ್ನು ನೋಡಿದ. ಏನೂ ಹೇಳಲಿಲ್ಲ. ಮರುದಿನದಿಂದ ಟ್ರೇ ಮುಟ್ಟಲಿಲ್ಲ. ನಾನು ವರದಿಯಲ್ಲಿ ‘ಏಕಾಗ್ರತೆ ಕುಂದಿದೆ’ ಎಂದು ಬರೆದೆ.

ಬರೆದದ್ದು ನಾನೇ. ಅದಕ್ಕೇ ಹೇಳುತ್ತಿದ್ದೇನೆ.

ಆಮೇಲೆ ಒಂದು ತರಬೇತಿಯಲ್ಲಿ ಮಾರ್ಕ್ ಗೋಲ್ಡ್ ಎಂಬವರ ಕೆಲಸದ ಬಗ್ಗೆ ಕೇಳಿದೆ. ಅಮೆರಿಕದವರು, ಮೊದಲು ವಿಶೇಷ ಶಿಕ್ಷಕರು, ಆಮೇಲೆ ಸಂಶೋಧಕರು. 1970ರ ದಶಕದ ಆರಂಭದಲ್ಲಿ ಅವರು ಆರಿಸಿಕೊಂಡ ಕೆಲಸ ಸೈಕಲ್ಲಿನ ಹಿಂಚಕ್ರದ ಬ್ರೇಕು ಜೋಡಿಸುವುದು. ಅದರಲ್ಲಿ 15 ಬಿಡಿಭಾಗಗಳು. ನನಗೆ ಕೊಟ್ಟರೆ ನಾನೇ ತಡಬಡಿಸುವೆ. ತೀವ್ರ ಬೌದ್ಧಿಕ ಅಸಾಮರ್ಥ್ಯ ಇದೆ, ಇವರಿಂದ ಏನೂ ಆಗುವುದಿಲ್ಲ ಎಂದು ಬದಿಗಿಟ್ಟಿದ್ದ ಹರೆಯದವರಿಗೆ ಅವರು ಅದನ್ನು ಕಲಿಸಿದರು. ಹೇಗೆ? ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಯಾಗಿ ಒಡೆದರು. ಬಿಡಿಭಾಗ ಕೂರಿಸುವಾಗ ಯಾವ ಮುಖ ಎದುರಿಗಿರಬೇಕೋ ಅದಕ್ಕೆ ಬಣ್ಣ ಹಚ್ಚಿದರು. ಮಾತು ಕಡಿಮೆ ಮಾಡಿದರು. ತಪ್ಪಿದಾಗ ‘ಬೇರೆ ಥರ ಮಾಡಿ ನೋಡು’ ಅನ್ನುವುದಷ್ಟೇ. ಗೋಲ್ಡ್ ಅವರ ನಿಲುವು ಸರಳ: ಕಲಿಯುವವನಿಗೆ ಬರಲಿಲ್ಲವೆಂದರೆ ಕಲಿಸುವವನು ಇನ್ನೂ ಸರಿಯಾದ ದಾರಿ ಹುಡುಕಿಲ್ಲ ಎಂದರ್ಥ. ಕೇಳುತ್ತಾ ಕೂತಿದ್ದ ನನಗೆ ನನ್ನ ಟ್ರೇ ನೆನಪಾಗಿ ತಲೆ ತಗ್ಗಿತು.

ಇದೇ ದಶಕದಿಂದ ಮುಂದಕ್ಕೆ ಬೆಳೆದ ಪದ್ಧತಿಯೊಂದಿದೆ. ಮೊದಲು ತರಬೇತಿ, ಆಮೇಲೆ ಕೆಲಸ ಎನ್ನುವ ಹಳೆಯ ಕ್ರಮವನ್ನು ಅದು ತಿರುಗಿಸಿ ಹಾಕಿತು: ಮೊದಲು ನಿಜವಾದ ಕೆಲಸಕ್ಕೆ ಸೇರಿಸಿ, ಅಲ್ಲೇ ಕಲಿಸಿ. ಜತೆಗೆ ಒಬ್ಬ ಜಾಬ್ ಕೋಚ್ ಹೋಗುತ್ತಾರೆ. ಅವರು ಮೊದಲು ತಾವೇ ಆ ಕೆಲಸ ಮಾಡಿ ನೋಡುತ್ತಾರೆ, ಹೆಜ್ಜೆಗಳನ್ನು ಬರೆದುಕೊಳ್ಳುತ್ತಾರೆ, ಪಕ್ಕದಲ್ಲಿ ನಿಂತು ಕಲಿಸುತ್ತಾರೆ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹಿಂದೆ ಸರಿಯುತ್ತಾರೆ. ಈ ಹಿಂದೆ ಸರಿಯುವುದೇ ಕಷ್ಟದ ಭಾಗ. ಒಳ್ಳೆಯ ಕೋಚ್ ಮಾಡುವ ಮುಖ್ಯ ಕೆಲಸವೆಂದರೆ ಅಲ್ಲಿನ ಸಹೋದ್ಯೋಗಿಗಳಲ್ಲಿ ಒಬ್ಬರನ್ನು ಹುಡುಗನಿಗೆ ಪರಿಚಯ ಮಾಡಿಸಿ, ‘ಏನಾದರೂ ಇದ್ದರೆ ಇವರನ್ನು ಕೇಳು’ ಅನ್ನುವಷ್ಟಕ್ಕೆ ತಂದು ತಾನು ಮಾಯವಾಗುವುದು. ಮಾಯವಾಗದ ಕೋಚ್ ಮತ್ತೊಬ್ಬ ಟೀಚರ್ ಆಗಿಬಿಡುತ್ತಾರೆ.

ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯಲ್ಲಿ 1996ರಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಎರಿನ್ ರೀಲಿ ಅಲ್ಲಿನ ತುರ್ತು ಚಿಕಿತ್ಸಾ ವಿಭಾಗದಲ್ಲಿ ಮುಖ್ಯ ನರ್ಸ್. ವಿಭಾಗದಲ್ಲಿ ಸಾಮಾನು ತುಂಬಿಡುವ ಕೆಲಸಕ್ಕೆ ಸೇರಿದವರು ನಿಲ್ಲುತ್ತಿರಲಿಲ್ಲ. ಚಿಕಿತ್ಸೆಗೆ ಬರುವವರಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವವರೂ ಇದ್ದಾರಲ್ಲ, ಅಂಥವರು ದೊಡ್ಡವರಾದ ಮೇಲೆ ಇಲ್ಲಿ ಯಾಕೆ ಕೆಲಸ ಮಾಡಬಾರದು ಎಂದು ಅವರಿಗೆ ಹೊಳೆಯಿತು. ಅಲ್ಲಿಂದ ಹುಟ್ಟಿದ ಪ್ರಾಜೆಕ್ಟ್ ಸರ್ಚ್‌ನಲ್ಲಿ ಶಾಲೆಯ ಕೊನೆಯ ವರ್ಷವೇ ಕೆಲಸದ ಜಾಗದಲ್ಲಿ ನಡೆಯುತ್ತದೆ. ದಿನದ ಸ್ವಲ್ಪ ಹೊತ್ತು ಪಾಠ, ಉಳಿದದ್ದೆಲ್ಲ ಕೆಲಸ, ವರ್ಷದಲ್ಲಿ ಬೇರೆ ಬೇರೆ ವಿಭಾಗಗಳಲ್ಲಿ. ಈಗ ಅದು ಹಲವು ದೇಶಗಳಲ್ಲಿದೆ. ನನಗೆ ಅದರಲ್ಲಿ ಇಷ್ಟವಾಗುವುದು ಒಂದೇ ವಿಷಯ: ಅಲ್ಲಿ ಯಾರೂ ಸಂಜೆ ಡಬ್ಬಿ ಬೆರೆಸಬೇಕಾಗಿಲ್ಲ. ಕಪಾಟು ತಾನಾಗಿಯೇ ಖಾಲಿಯಾಗುತ್ತದೆ, ಏಕೆಂದರೆ ಯಾರಿಗೋ ಆ ಸಾಮಾನು ನಿಜವಾಗಿ ಬೇಕಾಗಿರುತ್ತದೆ.

“ಇದೆಲ್ಲ ಬುದ್ಧಿಗೆ ಸಂಬಂಧಿಸಿದ್ದು, ನನ್ನ ಮಗಳಿಗೆ ಇರುವುದು ನಡೆಯುವ ತೊಂದರೆ ಮಾತ್ರ” ಎಂದು ಒಬ್ಬ ತಾಯಿ ಹೇಳಿದ್ದರು. ‘ಇನ್ನೂ ತಯಾರಾಗಿಲ್ಲ’ ಎಂಬ ಮಾತು ಯಾರನ್ನೂ ಬಿಟ್ಟಿಲ್ಲ. ಅಮೆರಿಕದ ಎಡ್ ರಾಬರ್ಟ್ಸ್ ಅವರ ಕಥೆ ನೋಡಿ. 14ನೇ ವಯಸ್ಸಿಗೆ, 1953ರಲ್ಲಿ, ಪೋಲಿಯೋ ಬಂದು ಕತ್ತಿನ ಕೆಳಗೆ ಹೆಚ್ಚುಕಮ್ಮಿ ಏನೂ ಆಡುತ್ತಿರಲಿಲ್ಲ. ರಾತ್ರಿ ಉಸಿರಾಡಲು ಕಬ್ಬಿಣದ ಉಸಿರಾಟದ ಯಂತ್ರದೊಳಗೆ ಮಲಗಬೇಕಿತ್ತು. ಹೈಸ್ಕೂಲಿನ ಎಲ್ಲ ಪಾಠ ಮುಗಿಸಿದ ಮೇಲೆ ಅವರಿಗೆ ಪದವಿ ಪತ್ರ ಕೊಡಲು ಶಾಲೆಯವರು ಒಪ್ಪಲಿಲ್ಲ. ಕಾರಣ? ವಾಹನ ಚಾಲನೆ ಮತ್ತು ದೈಹಿಕ ಶಿಕ್ಷಣದ ತರಗತಿ ಮುಗಿಸಿಲ್ಲವಂತೆ. ಅವರ ತಾಯಿ ಜೋನಾ ಹೋರಾಡಿ ಪಡೆದರು. ಕಾಲೇಜಿಗೆ ಹೋಗಲು ಪುನರ್ವಸತಿ ಇಲಾಖೆಯ ನೆರವು ಕೇಳಿದರೆ, ಇವರು ಕೆಲಸ ಮಾಡುವುದು ಅಸಾಧ್ಯ, ದುಡ್ಡು ಸುರಿದು ಪ್ರಯೋಜನವಿಲ್ಲ ಎಂದರು. 1962ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯ ಸೇರಿದರು. ಉಸಿರಾಟದ ಯಂತ್ರದ ಭಾರ ಹಾಸ್ಟೆಲ್ ತಡೆಯದೆಂದು ಆವರಣದ ಆಸ್ಪತ್ರೆಯಲ್ಲೇ ವಾಸ. ಅಲ್ಲಿ ಸೇರಿದ ಗೆಳೆಯರ ಜತೆ ನಡೆಸಿದ ಓಡಾಟದಿಂದ 1972ರಲ್ಲಿ, ಅಂಗವಿಕಲರೇ ನಡೆಸುವ ಸ್ವತಂತ್ರ ಬದುಕಿನ ಕೇಂದ್ರ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅವರನ್ನು ಅದೇ ಪುನರ್ವಸತಿ ಇಲಾಖೆಯ ನಿರ್ದೇಶಕರಾಗಿ ನೇಮಿಸಿದರು. ಒಂದು ಕಾಲದಲ್ಲಿ ಇವರ ಅರ್ಜಿ ತಳ್ಳಿಹಾಕಿದ್ದ ಇಲಾಖೆಗೇ!

ರಾಬರ್ಟ್ಸ್ ಅವರ ಕಥೆಯಿಂದ ನಾನು ತೆಗೆದುಕೊಂಡದ್ದು ಅವರ ಸಾಧನೆಯನ್ನಲ್ಲ. ಸಾಧಕರ ಪಟ್ಟಿ ತೋರಿಸಿ ಮಕ್ಕಳನ್ನು ಹೆದರಿಸುವುದು ನನಗೆ ಹಿಡಿಸದು. ಅವರ ಮಟ್ಟಿಗೆ ಸ್ವತಂತ್ರ ಅಂದರೆ ತನ್ನ ಬಟ್ಟೆ ತಾನೇ ಹಾಕಿಕೊಳ್ಳುವುದಾಗಿರಲಿಲ್ಲ. ಆ ಕೆಲಸಕ್ಕೆ ಸಹಾಯಕರಿದ್ದರು. ಆ ಸಹಾಯಕ ಯಾರು, ಎಷ್ಟು ಹೊತ್ತಿಗೆ ಬರಬೇಕು, ಇವತ್ತು ಯಾವ ಅಂಗಿ ಎಂದು ಹೇಳುವವರು ಅವರಾಗಿದ್ದರು. ನಾವು ಶಾಲೆಯಲ್ಲಿ ಗುಂಡಿ ಹಾಕುವುದನ್ನು ಎಂಟು ವರ್ಷ ಕಲಿಸುತ್ತೇವೆ, ಯಾವ ಅಂಗಿ ಬೇಕೆಂದು ಒಂದು ದಿನವೂ ಕೇಳುವುದಿಲ್ಲ.

ಈಗ ಬೀಗದ ಕೈ. ಆ ಅಪ್ಪ ಮಗ ಹೋದ ಮೂರು ನಾಲ್ಕು ದಿನದ ಮೇಲೆ ತಾಯಿ ಫೋನು ಮಾಡಿದರು. ಮನೆಯಲ್ಲಿ ಅಪ್ಪನ ಹತ್ತಿರ ಒಂದು ಕೈ ಇದೆ, ತಾಯಿ ಹತ್ತಿರ ಒಂದು, ಹನ್ನೆರಡು ವರ್ಷದ ತಂಗಿಯ ಹತ್ತಿರವೂ ಒಂದು. ಇವನ ಹತ್ತಿರ ಇಲ್ಲ. ಶಾಲೆಯಿಂದ ಬಂದರೆ ತಂಗಿ ಬಂದು ಬಾಗಿಲು ತೆಗೆಯುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತಾನೆ. “ನಮಗೆ ಹೊಳೆದೇ ಇರಲಿಲ್ಲ ಮೇಡಂ” ಅಂದರು. ಎರಡು ಕೈ ಮಾಡಿಸಿದರು. ಒಂದನ್ನು ಅವನು ಒಂದು ವಾರದಲ್ಲಿ ಕಳೆದ. ಬೀಗ ಬದಲಾಯಿಸಬೇಕಾಯಿತು. ಅಪ್ಪನಿಗೆ ಸಿಟ್ಟು ಬಂತು, ಸಹಜವೇ. ಆದರೆ ತಂಗಿ ಅದಕ್ಕೂ ಮೊದಲೇ ಎರಡು ಸಲ ಕಳೆದಿದ್ದಳು, ಅವಳ ಕೈ ಯಾರೂ ಕಿತ್ತುಕೊಂಡಿರಲಿಲ್ಲ.

ಈ ವಿಷಯಕ್ಕೆ ಹೆಸರಿಟ್ಟವರು ಅಂಗವಿಕಲರ ಪರ ಬರೆಯುತ್ತಿದ್ದ ಅಮೆರಿಕದ ರಾಬರ್ಟ್ ಪರ್ಸ್ಕಿ. 1972ರ ಒಂದು ಲೇಖನದಲ್ಲಿ ಅವರು ಅಪಾಯಕ್ಕೂ ಒಂದು ಘನತೆ ಇದೆ ಎಂದು ವಾದಿಸಿದರು. ಎಲ್ಲ ಅಪಾಯದಿಂದ ಕಾಪಾಡುತ್ತಾ ಹೋದರೆ ಮನುಷ್ಯನಾಗಿ ಬೆಳೆಯುವ ಅವಕಾಶವನ್ನೇ ಕಿತ್ತುಕೊಂಡಂತೆ ಅನ್ನುವುದು ಅವರ ತಾತ್ಪರ್ಯ. ಕೇಳಲು ಚೆನ್ನಾಗಿದೆ. ಆದರೆ ನಿಮ್ಮ ಮಗಳು ಮೊದಲ ಸಲ ಒಬ್ಬಳೇ ಬಸ್ಸು ಹತ್ತಿದ ದಿನ ಅದು ಹೊಟ್ಟೆಯೊಳಗೆ ಕಿವುಚುತ್ತದೆ. ನಾವು ಬಸ್ಸು ಕಲಿಸುವ ಕ್ರಮ ಹೀಗೆ: ಮೊದಲು ಜತೆಯಲ್ಲೇ ಕೂರುವುದು, ಆಮೇಲೆ ಹಿಂದಿನ ಸೀಟು, ಆಮೇಲೆ ಅದೇ ಬಸ್ಸಿನ ಹಿಂದೆ ಸ್ಕೂಟರು, ಆಮೇಲೆ ಇಳಿಯುವ ಕಡೆ ಕಾಯುವುದು, ಕೊನೆಗೆ ಮನೆಯಲ್ಲಿ ಕೂತು ಫೋನು ನೋಡುವುದು. ದಾರಿ ತಪ್ಪುವುದನ್ನೂ ನಾವು ಬೇಕೆಂದೇ ಕಲಿಸುತ್ತೇವೆ. ಜತೆಯಲ್ಲಿದ್ದಾಗಲೇ ತಪ್ಪು ಬಸ್ಸು ಹತ್ತಿಸಿ, “ಈಗೇನು ಮಾಡ್ತೀಯ?” ಎಂದು ಕೇಳುತ್ತೇವೆ. ದಾರಿ ತಪ್ಪದವರು ಅಂತ ಯಾರೂ ಇಲ್ಲ. ತಪ್ಪಿದಾಗ ಯಾರನ್ನು ಕೇಳಬೇಕು ಎಂದು ಗೊತ್ತಿದ್ದರೆ ಸಾಕು.

ಇನ್ನೊಂದು, ಯಾರೂ ಬಾಯಿಬಿಟ್ಟು ಕೇಳದ ವಿಷಯ. ದೇಹ, ಪ್ರೀತಿ, ಮುಟ್ಟುವುದು. “ಹೇಳಿದ ಮಾತು ಕೇಳುತ್ತಾಳೆ, ಎದುರು ಆಡುವುದಿಲ್ಲ” ಎಂದು ನಾವು ಪ್ರಗತಿ ಪತ್ರದಲ್ಲಿ ಹೊಗಳಿ ಬರೆಯುತ್ತೇವೆ. ಹತ್ತು ವರ್ಷ ಎಲ್ಲರಿಗೂ ಹೂಂ ಅನ್ನುವುದನ್ನು ಕಲಿತವಳು ಹೊರಗೆ ಹೋಗಿ ಯಾರಿಗೆ ಉಹೂಂ ಅನ್ನುತ್ತಾಳೆ? ಅವಳನ್ನು ಕಾಪಾಡಬೇಕೆಂದರೆ ಮೊದಲು ಅವಳು ನನಗೇ ಉಹೂಂ ಅನ್ನಲು ಬಿಡಬೇಕು. ಇದನ್ನು ಒಪ್ಪಿಕೊಳ್ಳಲು ಟೀಚರುಗಳಿಗೆ ತಾಯಂದಿರಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ, ನನ್ನನ್ನೂ ಸೇರಿಸಿ.

18 ತುಂಬುವಾಗ ಕಾಗದ ಪತ್ರದ ಗದ್ದಲ ಬೇರೆ. ಬ್ಯಾಂಕು, ಸಹಿ, ಆಪರೇಷನ್ನಿಗೆ ಒಪ್ಪಿಗೆ, ಯಾರ ಹೆಸರಿನಲ್ಲಿ? ಹೆಚ್ಚಿನ ಕುಟುಂಬಗಳು ನೇರ ಪಾಲಕತ್ವಕ್ಕೆ, ಅಂದರೆ ಅವರ ಬದಲು ಬೇರೊಬ್ಬರು ನಿರ್ಧಾರ ತೆಗೆದುಕೊಳ್ಳುವ ಗಾರ್ಡಿಯನ್‌ಶಿಪ್‌ಗೆ ಅರ್ಜಿ ಹಾಕಿಬಿಡುತ್ತವೆ. ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಕೆಲವು ಕಡೆ ಬೇರೆ ದಾರಿಯೇ ಇರುವುದಿಲ್ಲ. ಆದರೆ ನಡುವೆ ಒಂದು ದಾರಿ ಇದೆಯೆಂದು ತಿಳಿದಿರಲಿ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ನಿರ್ಧಾರ ತೆಗೆದುಕೊಳ್ಳುವ ಕಾನೂನು ಅಧಿಕಾರ ಎಲ್ಲರಿಗೂ ಸಮಾನವಾಗಿ ಇದೆ, ಅದನ್ನು ಬಳಸಲು ಬೇಕಾದ ನೆರವು ಕೊಡುವುದು ಸರ್ಕಾರದ ಹೊಣೆ ಅನ್ನುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ ಅದಕ್ಕೂ ಹತ್ತು ವರ್ಷ ಮೊದಲೇ, 1996ರಲ್ಲಿ, ಒಂದು ಕಾಯ್ದೆ ಮಾಡಿತ್ತು. ಒಪ್ಪಂದಕ್ಕೆ ಸಹಿ ಹಾಕುವಷ್ಟು ತಿಳಿವಳಿಕೆ ಇಲ್ಲ ಎನಿಸಿಕೊಂಡವರೂ ತಮಗೆ ಬೇಕಾದ ಸಹಾಯಕರನ್ನು ನೇಮಿಸಿಕೊಳ್ಳಬಹುದು. ಅದಕ್ಕೆ ಅಲ್ಲಿ ನೋಡುವ ಅಂಶಗಳಲ್ಲಿ ಒಂದು, ಆ ಸಹಾಯಕರ ಜತೆ ಇವರಿಗೆ ನಂಬಿಕೆಯ ಸಂಬಂಧ ಇದೆಯೇ ಎಂಬುದು. ಬೇಕು, ಬೇಡ ಎಂದು ತೋರಿಸಬಲ್ಲರೇ ಎಂಬುದು ಇನ್ನೊಂದು. ಐಕ್ಯೂ ಕೇಳುವುದಿಲ್ಲ.

ಮಾತೇ ಇಲ್ಲದ, ದಿನವಿಡೀ ಒಬ್ಬರ ನೆರವು ಬೇಕಾದವರ ವಿಷಯ? ಕೆಲಸ ಸಿಗದವರ ವಿಷಯ? ಎಲ್ಲರಿಗೂ ಸಂಬಳದ ಕೆಲಸ ಸಿಗುತ್ತದೆ ಎಂದು ನಾನು ಸುಳ್ಳು ಹೇಳಲಾರೆ. ಸಿಕ್ಕಿದರೂ ವಾರಕ್ಕೆ ಎಂಟು ಗಂಟೆ ಇರಬಹುದು. ಆದರೆ ಕೆಲಸ ಇಲ್ಲದವರಿಗೂ ಬೆಳಗ್ಗೆ ಎದ್ದು ಹೋಗಲು ಒಂದು ಜಾಗ, ದಾರಿಯಲ್ಲಿ ಹೆಸರು ಹಿಡಿದು ಕರೆಯುವ ಒಬ್ಬರು, ಸಂಜೆ ಹಿಂತಿರುಗಿ ಬರುವ ಹೊತ್ತು ಬೇಕು. ಸ್ವೀಡನ್ನಿನ ಬೆಂಗ್ಟ್ ನಿರ್ಯೆ 1969ರಲ್ಲೇ ಇದನ್ನು ದಿನದ ಲಯ, ವಾರದ ಲಯ, ವರ್ಷದ ಲಯ ಎಂದು ಬಿಡಿಸಿ ಬರೆದಿದ್ದರು. ಎಲ್ಲರಿಗೂ ಇರುವ ಲಯ ಇವರಿಗೂ ಇರಲಿ, ಅಷ್ಟೇ. ಮನೆಯ ಅದೇ ಕೋಣೆಯಲ್ಲಿ ಅದೇ ಟೀವಿ ಮುಂದೆ ಭಾನುವಾರವೂ ಬುಧವಾರವೂ ಒಂದೇ ಆಗಿಬಿಡುವುದು, ನಾನು ಕಂಡ ಕಷ್ಟಗಳಲ್ಲಿ ದೊಡ್ಡದು.

ಇಷ್ಟೆಲ್ಲ ಹೇಳಿದ ಮೇಲೆ ಹೆತ್ತವರು ಸ್ವಲ್ಪ ಹೊತ್ತು ಸುಮ್ಮನಿದ್ದು ನಿಜವಾದ ಪ್ರಶ್ನೆ ಕೇಳುತ್ತಾರೆ: “ನಾವು ಹೋದ ಮೇಲೆ?” ಅದಕ್ಕೆ ಇಡೀ ಉತ್ತರ ನನ್ನಲ್ಲಿಲ್ಲ. ದುಡ್ಡು ಕೂಡಿಡಿ, ಉಯಿಲು ಬರೆಸಿ ಎಂದು ಎಲ್ಲರೂ ಹೇಳುತ್ತಾರೆ, ಅದನ್ನು ಮಾಡಿ. ಆದರೆ ದುಡ್ಡು ತಾನಾಗಿ ಎದ್ದು ಬಂದು ಜ್ವರ ನೋಡುವುದಿಲ್ಲ. ಕೆನಡಾದ ಜುಡಿತ್ ಸ್ನೋ ಅವರಿಗೆ ಕೈಕಾಲು ಆಡುತ್ತಿರಲಿಲ್ಲ. ಬೇರೆ ವ್ಯವಸ್ಥೆ ಇಲ್ಲದೆ ಅವರನ್ನು ವೃದ್ಧರ ಆರೈಕೆಯ ಜಾಗದಲ್ಲಿ ಇಟ್ಟಿದ್ದರು. 1980ರ ಸುಮಾರಿಗೆ ಅವರ ಗೆಳೆಯರು ಒಂದು ಗುಂಪಾಗಿ ಸೇರಿ, ಸರ್ಕಾರದ ಬೆನ್ನು ಹತ್ತಿ, ಅವರು ತಮ್ಮದೇ ಮನೆಯಲ್ಲಿ ತಮ್ಮದೇ ಸಹಾಯಕರ ಜತೆ ಬದುಕುವಂತೆ ಮಾಡಿದರು. ಇಂಥ ಗುಂಪನ್ನು ಬೆಂಬಲದ ಬಳಗ ಅನ್ನುತ್ತಾರೆ. ಐದಾರು ಜನ, ಸಂಬಳಕ್ಕೆ ಬಂದವರಲ್ಲ, ಕೆಲವು ತಿಂಗಳಿಗೊಮ್ಮೆ ಸೇರಿ ‘ಇವಳಿಗೆ ಈಗ ಏನು ಬೇಕು’ ಎಂದು ಅವಳನ್ನೇ ನಡುವೆ ಕೂರಿಸಿಕೊಂಡು ಕೇಳುವವರು. ಇದನ್ನು ಹೆತ್ತವರು ಗಟ್ಟಿಯಾಗಿರುವಾಗಲೇ ಕಟ್ಟಬೇಕು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಅಣ್ಣನೋ ತಂಗಿಯೋ ನೋಡಿಕೊಳ್ಳುತ್ತಾರೆ ಎಂದು ಅವರನ್ನು ಕೇಳದೆ ತೀರ್ಮಾನ ಮಾಡಬೇಡಿ. ಅವರೂ ಒಂದು ಬದುಕಿನ ತಯಾರಿಯಲ್ಲಿರುತ್ತಾರೆ.

ಹಾಗಾದರೆ ಯಾವಾಗ ಶುರು ಮಾಡಬೇಕು? ಅಮೆರಿಕದ ಕಾನೂನು ತಡವೆಂದರೆ 16ಕ್ಕೆ ಮುಂದಿನ ಯೋಜನೆ ಇರಲೇಬೇಕು ಅನ್ನುತ್ತದೆ, ಆ ಮಾತು ನಡೆಯುವ ಸಭೆಗೆ ವಿದ್ಯಾರ್ಥಿಯನ್ನೂ ಕರೆಯಬೇಕು. ಇಂಗ್ಲೆಂಡಿನಲ್ಲಿ 13, 14ಕ್ಕೇ ಶುರು. ನನ್ನನ್ನು ಕೇಳಿದರೆ ಹುಟ್ಟಿದಾಗಿನಿಂದ ಅನ್ನಬೇಕು, ಆದರೆ ಅದು ಸುಮ್ಮನೆ ಆಡುವ ದೊಡ್ಡ ಮಾತು. 13 ಒಳ್ಳೆಯ ವಯಸ್ಸು.

ಮೊನ್ನೆ ಅದೇ ವಯಸ್ಸಿನ ಹುಡುಗಿಯ ತಾಯಿ ಬಂದು ಅದೇ ಪ್ರಶ್ನೆ ಕೇಳಿದರು. ಮಗಳಿಗೆ ಸೆರೆಬ್ರಲ್ ಪಾಲ್ಸಿ, ಮಾತು ಬಹಳ ನಿಧಾನ. ವೃತ್ತಿ ತರಬೇತಿಯ ವಿಳಾಸ ಬೇಕಿತ್ತು ಅವರಿಗೆ. ನಾನು ಹೇಳಿದ್ದು ಇಷ್ಟು: “ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಎಲ್ಲಿ ನೋವು ಅನ್ನುವುದನ್ನು ಅವಳೇ ಹೇಳಲಿ. ನೀವು ಬಾಯಿ ಬಿಡಬೇಡಿ.” “ಅಷ್ಟೇನಾ?” ಅಂದರು, ಸ್ವಲ್ಪ ನಿರಾಸೆಯಿಂದ. ಹದಿನೈದು ದಿನ ಬಿಟ್ಟು ಬಂದರು. ಡಾಕ್ಟರು ಎಂದಿನಂತೆ ತಾಯಿಯ ಮುಖ ನೋಡಿ “ಏನಂತೆ?” ಎಂದರಂತೆ. ಇವರು ಮಗಳ ಕಡೆ ತಿರುಗಿ ಕೂತರಂತೆ. ಹುಡುಗಿ ಹೇಳಿ ಮುಗಿಸಲು ನಾಲ್ಕು ನಿಮಿಷ ಹಿಡಿಯಿತು. ಡಾಕ್ಟರು ಎರಡು ಸಲ ಗಡಿಯಾರ ನೋಡಿದರು. “ನಾನು ಸೀರೆ ಸೆರಗು ಹಿಂಡುತ್ತಾ ಕೂತಿದ್ದೆ ಮಿಸ್” ಅಂದರು ತಾಯಿ. “ಮತ್ತೆ ಗೊತ್ತಾ, ನೋವಿದ್ದದ್ದು ಎಡಗಾಲಂತೆ. ಆರು ತಿಂಗಳಿಂದ ನಾನು ಬಲಗಾಲು ಅಂತ ಹೇಳ್ತಾ ಬಂದಿದ್ದೆ.”